ಹಳೇ ಆಂಪ್‌ಗೆ ಹೊಂದುವ ಸಬ್ ಹುಡುಕಿದ್ದು: ನನ್ನ ಅನುಭವ

ನನ್ನ ಸ್ವಿಫ್ಟ್‌ನಲ್ಲಿ ಈಗ 12 ಇಂಚಿನ ಸಬ್ (ಸಬ್‌ವೂಫರ್, ಬರೀ ಬೇಸ್‌ಗಿರುವ ದೊಡ್ಡ ಸ್ಪೀಕರ್) ಓಡುತ್ತಿರುವುದು ಹಳೇ ನಾಲ್ಕು ಚಾನಲ್ ಆಂಪ್‌ನ (ಆಂಪ್ಲಿಫೈಯರ್) ಹಿಂದಿನ ಎರಡು ಚಾನಲ್ ಮೇಲೆ. ಸಬ್‌ಗೆ ಸಿಗುವುದು ಹೆಚ್ಚೂಕಮ್ಮಿ 150 ವ್ಯಾಟ್. ಮುಂದಿನ ಡೋರ್ ಸ್ಪೀಕರ್‌ಗಳೂ ಅದೇ ಆಂಪ್‌ನಲ್ಲೇ ಇವೆ. ಇದು ಆಗೋ ಮಾತಲ್ಲ ಅಂತ ಎಲ್ಲರೂ ಹೇಳಿದ್ದರು. "ಗುರೂ, ಈ ಆಂಪ್‌ಗೆ 12 ಇಂಚು ಅಲ್ಲಾಡೋದೂ ಇಲ್ಲ ಬಿಡು" ಅಂದ ಗೆಳೆಯ. ತುಮಕೂರಿನ ಒಂದು ಅಂಗಡಿಯಲ್ಲಿ ಮೊನೊ ಆಂಪ್ (ಸಬ್‌ಗೆಂದೇ ಇರುವ ಒಂದೇ ಚಾನಲ್‌ನದು), ಸಬ್, ವೈರಿಂಗ್ ಸೇರಿ 22 ಸಾವಿರದ ಲೆಕ್ಕ ಕೊಟ್ಟರು. ನನ್ನ ಆಂಪ್ ಚೆನ್ನಾಗಿದೆ, ಅದನ್ನು ಯಾಕೆ ಬಿಸಾಕಬೇಕು ಅನ್ನೋದೇ ನನ್ನ ಪ್ರಶ್ನೆಯಾಗಿತ್ತು.

ಆಂಪ್ ಮೇಲೆ ದೊಡ್ಡ ಅಕ್ಷರದಲ್ಲಿ 1200 ವ್ಯಾಟ್ ಅಂತಿದೆ. ಅದನ್ನು ಮರೆತುಬಿಡಿ. ನಾನು ನೋಡಿದ್ದು ಫ್ಯೂಸ್. 20 ಆಂಪಿಯರ್‌ನ ಎರಡು ಫ್ಯೂಸ್ ಇವೆ. 40 ಅನ್ನು 13.8 ವೋಲ್ಟ್‌ಗೆ ಗುಣಿಸಿದರೆ 550 ವ್ಯಾಟ್ ಒಳಗೆ ಹೋಗುತ್ತದೆ. ಕ್ಲಾಸ್ ಎಬಿ ಅನ್ನುವ ಬಗೆಯ ಆಂಪ್ ಆದ್ದರಿಂದ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೊರಗೆ ಬರುತ್ತದೆ, ಉಳಿದಿದ್ದು ಬಿಸಿ. ಅಂದರೆ ನಾಲ್ಕೂ ಚಾನಲ್ ಸೇರಿ 300 ವ್ಯಾಟ್ ಆಸುಪಾಸು. ಮ್ಯಾನ್ಯುಯಲ್‌ನ ಸಣ್ಣ ಅಕ್ಷರದಲ್ಲೂ ಅದೇ ಇತ್ತು: 4 ಓಂಗೆ (ಓಂ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆ, ಅದು ಇಳಿದಷ್ಟೂ ಆಂಪ್‌ಗೆ ಹೊರೆ ಜಾಸ್ತಿ) ಚಾನಲ್‌ಗೆ 50, ಬ್ರಿಡ್ಜ್ ಮಾಡಿದರೆ (ಎರಡು ಚಾನಲ್ ಸೇರಿಸಿ ಒಂದು ಮಾಡಿದರೆ) 4 ಓಂಗೆ 150. ಬ್ರಿಡ್ಜ್‌ನಲ್ಲಿ 4 ಓಂಗಿಂತ ಕೆಳಗೆ ಇಳಿಸಬಾರದು ಅಂತಲೂ ಇತ್ತು. ಸಬ್ ಆರಿಸುವಾಗ ನನಗೆ ದಾರಿ ತೋರಿಸಿದ್ದು ಈ ಕೊನೇ ಸಾಲು.

ಮೊದಲು ಅಂಗಡಿಯವರ ಮಾತಿನ ಮೇಲೆ ಒಂದು ಡ್ಯುಯಲ್ 4 ಓಂ ಸಬ್ (4 ಓಂನ ಎರಡು ಕಾಯಿಲ್ ಇರುವುದು) ಬಂತು, ಐದೂವರೆ ಸಾವಿರ. ಪ್ಯಾರಲಲ್ ಮಾಡಿದರೆ ಪವರ್ ಜಾಸ್ತಿ ಬರುತ್ತೆ ಸಾರ್ ಅಂತ ಅಲ್ಲಿನ ಹುಡುಗ ಎರಡು ಕಾಯಿಲ್ ಸೇರಿಸಿ 2 ಓಂ ಮಾಡಿ ಬ್ರಿಡ್ಜ್‌ಗೆ ಕೊಟ್ಟ. ಆಗ ಒಂದೊಂದು ಚಾನಲ್‌ಗೆ ಕಾಣುವುದು ಬರೀ 1 ಓಂ. ಅಂಗಡಿ ಮುಂದೆ ಕಾರು ನಿಂತಿದ್ದಾಗ ಕೇಳೋಕೆ ಚೆನ್ನಾಗೇ ಇತ್ತು. ಹೈವೇಗೆ ಬಂದು ಸೌಂಡ್ ಏರಿಸಿದ ಕೂಡಲೇ ಕೆಂಪು ಲೈಟ್ ಹತ್ತಿ ಆಂಪ್ ಪ್ರೊಟೆಕ್ಟ್‌ಗೆ ಹೋಯಿತು, ಅಂದರೆ ಸುಡದಿರಲೆಂದು ತಾನೇ ನಿಂತಿತು. ಆಂಪ್ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಮನೆಗೆ ಬಂದು ಸೀರೀಸ್ (ಒಂದು ಕಾಯಿಲ್‌ನ ಹಿಂದೆ ಇನ್ನೊಂದು) ಮಾಡಿದೆ, 8 ಓಂ ಆಯಿತು. ಆಂಪ್ ತಣ್ಣಗಾಯಿತು, ಆದರೆ ಪವರ್ ಅರ್ಧಕ್ಕೆ ಇಳಿಯಿತು. ಬೇಸ್ ಇದೆಯೋ ಇಲ್ಲವೋ ಅನ್ನುವಂತಿತ್ತು. ಆ ಸಬ್ ತಪ್ಪಲ್ಲ, ಈ ಆಂಪ್‌ಗೆ ಅದು ಜೋಡಿಯಲ್ಲ. ಆಮೇಲೆ ಮೂರು ಸಾವಿರಕ್ಕೆ ಹೋಯಿತು.

ನಡುವೆ ಗೆಳೆಯನ ಬೇಸ್ ಟ್ಯೂಬ್ (ಕೊಳವೆಯಂಥ ಡಬ್ಬದಲ್ಲೇ ಬರುವ ಸಬ್) ಹಾಕಿ ನೋಡಿದೆ. ಅದು 4 ಓಂ, ಆಂಪ್‌ಗೆ ಯಾವ ತೊಂದರೆಯೂ ಇಲ್ಲ, ಸೌಂಡೂ ಜೋರು. ಆದರೆ ಎಲ್ಲ ಹಾಡಿಗೂ ಒಂದೇ "ಧುಂ". ನಾನು ಟೆಸ್ಟ್‌ಗೆ ಯಾವಾಗಲೂ ಹಾಕುವುದು ಡೊಳ್ಳು ಕುಣಿತದ ರೆಕಾರ್ಡಿಂಗ್. ಡೊಳ್ಳಿನ ಒಂದು ಮುಖದ ಪೆಟ್ಟಿಗೂ ಇನ್ನೊಂದು ಮುಖದ ಪೆಟ್ಟಿಗೂ ವ್ಯತ್ಯಾಸ ಕೇಳಿಸಬೇಕು, ಪೆಟ್ಟು ಬಿದ್ದ ಕೂಡಲೇ ನಿಲ್ಲಬೇಕು. ಟ್ಯೂಬ್‌ನಲ್ಲಿ ಅದು ಗುಂಯ್ ಅಂತ ಎಳೆದುಕೊಂಡೇ ಹೋಗುತ್ತಿತ್ತು. ವಾಪಸ್ ಕೊಟ್ಟೆ.

ಆಮೇಲೆ ಲೆಕ್ಕವನ್ನು ಉಲ್ಟಾ ಹಾಕಿದೆ. ಮೊದಲು ಓಂ, ಆಮೇಲೆ ಸೆನ್ಸಿಟಿವಿಟಿ (ಒಂದು ವ್ಯಾಟ್‌ಗೆ ಸಬ್ ಎಷ್ಟು ಜೋರು ಅನ್ನುವ ಅಳತೆ, ಡೆಸಿಬೆಲ್ ಅಂದರೆ ಡಿಬಿಯಲ್ಲಿ), ಆಮೇಲೆ ಬಾಕ್ಸ್, ಕೊನೆಗೆ ವ್ಯಾಟ್. ಓಂ ಅಂದರೆ ಒಂದೇ 4 ಓಂ ಕಾಯಿಲ್, ಇಲ್ಲವೇ ಡ್ಯುಯಲ್ 2 ಓಂ ಅನ್ನು ಸೀರೀಸ್ ಮಾಡಿ 4. ಈ ಎರಡು ಬಿಟ್ಟು ಬೇರೆ ಏನನ್ನೂ ನೋಡಲೇ ಇಲ್ಲ.

ಸೆನ್ಸಿಟಿವಿಟಿಯನ್ನು ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ. 1000 ವ್ಯಾಟ್ ತಡೆಯೋ ಭಾರಿ ಸಬ್‌ಗಳು ಎಷ್ಟೋ ಸಲ 84 ಡಿಬಿ ಆಸುಪಾಸು ಇರುತ್ತವೆ. ನನಗೆ ಸಿಕ್ಕಿದ್ದು 88. ಮೂರು ಡಿಬಿ ಅಂದರೆ ಪವರ್ ಡಬಲ್. ನಾಲ್ಕು ಡಿಬಿ ಅಂದರೆ ಎರಡೂವರೆ ಪಟ್ಟು. ಅಂದರೆ ನನ್ನ 150 ವ್ಯಾಟ್, ಆ ಭಾರಿ ಸಬ್‌ಗೆ 375 ವ್ಯಾಟ್ ಕೊಟ್ಟ ಹಾಗೆ. ಇಷ್ಟು ಸರಳ ಲೆಕ್ಕ. ಒಂದು ಎಚ್ಚರಿಕೆ: ಡೇಟಾ ಶೀಟ್‌ನಲ್ಲಿ 1 ವ್ಯಾಟ್‌ಗೆ ಅಂತ ಬರೆದಿದ್ದಾರೋ 2.83 ವೋಲ್ಟ್‌ಗೆ ಅಂತ ಬರೆದಿದ್ದಾರೋ ನೋಡಿ. 2.83 ವೋಲ್ಟ್ ಆಗಿದ್ದರೆ 4 ಓಂ ಸಬ್‌ಗೆ ಮೂರು ಡಿಬಿ ಕಳೆಯಬೇಕು, 2 ಓಂ ಆದರೆ ಆರು. 91 ಅಂತ ಹಾಕಿದ್ದು ನಿಜಕ್ಕೂ 88 ಅಥವಾ 85 ಆಗಿರಬಹುದು.

ಕಾರಿನ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡ್‌ಗೆ ಓಂ ಅಳೆಯುವ ಮೀಟರ್ ಜೇಬಲ್ಲಿಟ್ಟುಕೊಂಡೇ ಹೋದೆ. ಒಂದು ಕಡೆ ಡಬ್ಬದ ಮೇಲೆ ಡ್ಯುಯಲ್ 2 ಅಂತಿತ್ತು. ಟರ್ಮಿನಲ್‌ಗೆ ಮೀಟರ್ ಹಿಡಿದೆ, ಒಂದೊಂದು ಕಾಯಿಲ್ 3.5 ತೋರಿಸಿತು. ಮೀಟರ್ ಯಾವಾಗಲೂ ಸ್ವಲ್ಪ ಕಮ್ಮಿ ತೋರಿಸುತ್ತದೆ, ಅಂದರೆ ಒಳಗಿರುವುದು ಡ್ಯುಯಲ್ 4. "ಎಲ್ಲಾ ಒಂದೇ ಸಾರ್, ಹಾಕ್ಕೊಳ್ಳಿ" ಅಂದರು. ಹೊರಗೆ ಬಂದೆ. 2 ಓಂ ಕಾಯಿಲ್ ಮೀಟರ್‌ನಲ್ಲಿ 1.7, 1.8 ತೋರಿಸಬೇಕು. ಅಂಥದ್ದು ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು. 250 ವ್ಯಾಟ್ ಆರ್‌ಎಂಎಸ್ (ಸತತವಾಗಿ ತಾಳುವ ಪವರ್), 88 ಡಿಬಿ. ಎರಡೂ ಅಂಗೈ ಇಟ್ಟು ಕೋನ್ ಅನ್ನು ಸಮವಾಗಿ ಒತ್ತಿದೆ, ಎಲ್ಲೂ ಕರಕರ ಇಲ್ಲ. ಬಗ್ಗಿ ಮೂಸಿದೆ, ಕಾಯಿಲ್ ಸುಟ್ಟ ವಾಸನೆ ಇಲ್ಲ. ಹೊಸದಾದರೂ ಡಬ್ಬ ಒಡೆದಿದ್ದ ಪೀಸ್, ಅದಕ್ಕೇ ಚೌಕಾಸಿ ಮಾಡಿ 4,200ಕ್ಕೆ ಇಳಿಸಿದೆ. 150 ವ್ಯಾಟ್ ಆಂಪ್‌ಗೆ 250ರ ಸಬ್ ಹಾಕಿದರೆ ಸುಟ್ಟುಹೋಗುತ್ತೆ ಅಂತ ಅಲ್ಲೊಬ್ಬರು ಹೆದರಿಸಿದರು. ಕಮ್ಮಿ ಪವರ್‌ನಿಂದ ಸಬ್ ಸುಡುವುದಿಲ್ಲ. ಗೇನ್ (ಆಂಪ್ ಸಿಗ್ನಲ್ಲನ್ನು ಎಷ್ಟು ಏರಿಸಬೇಕು ಅನ್ನುವ ತಿರುಪು) ಪೂರ್ತಿ ತಿರುಗಿಸಿ ಆಂಪ್‌ಗೆ ಕ್ಲಿಪ್ ಮಾಡಿಸಿದರೆ, ಅಂದರೆ ತನ್ನ ಮಿತಿ ಮೀರಿ ಅಲೆಯ ತುದಿ ಕತ್ತರಿಸುವಂತೆ ಮಾಡಿದರೆ, ಕಾಯಿಲ್‌ಗೆ ತಾಳಲಾರದಷ್ಟು ಬಿಸಿ ಹೋಗುತ್ತದೆ, ಅದು ಸುಡುತ್ತದೆ.

ಬಾಕ್ಸ್ ಸೀಲ್ಡ್, ಅಂದರೆ ಗಾಳಿ ಆಡದ ಹಾಗೆ ಎಲ್ಲ ಕಡೆ ಮುಚ್ಚಿದ್ದು. ಈ ಸಬ್‌ನ ಡೇಟಾ ಶೀಟ್‌ನಲ್ಲಿರುವ ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಹರ್ಟ್ಸ್) ಅನ್ನು ಕ್ಯೂಇಎಸ್‌ನಿಂದ (ಕಾಯಿಲ್ ಮತ್ತು ಮ್ಯಾಗ್ನೆಟ್ ಆ ಕಂಪನವನ್ನು ಎಷ್ಟು ತಡೆಯುತ್ತವೆ ಅನ್ನುವ ಅಂಕಿ) ಭಾಗಿಸಿದರೆ 50ರ ಸ್ವಲ್ಪ ಮೇಲೆ ಬರುತ್ತದೆ, ಸೀಲ್ಡ್‌ಗೆ ಸರಿ. ಅದಕ್ಕಿಂತ ಮುಖ್ಯ ಕಾರಣ ಕಾರು. ಸಣ್ಣ ಹ್ಯಾಚ್‌ಬ್ಯಾಕ್‌ನ ಒಳಗೆ 60-70 ಹರ್ಟ್ಸ್ ಕೆಳಗೆ ಕ್ಯಾಬಿನ್ ತಾನೇ ಬೇಸ್ ಎತ್ತಿಕೊಡುತ್ತದೆ. ಹರ್ಟ್ಸ್ ಇಳಿದಂತೆ ಸೀಲ್ಡ್ ಬಾಕ್ಸ್‌ನ ಸೌಂಡ್ ಇಳಿಯುತ್ತಾ ಹೋಗುತ್ತದೆ, ಕ್ಯಾಬಿನ್ ಅದನ್ನು ಏರಿಸುತ್ತಾ ಹೋಗುತ್ತದೆ. ಎರಡೂ ಸರಿದೂಗುತ್ತವೆ. ಇದು ಪುಕ್ಕಟೆ ಪವರ್ ಅಲ್ವಾ?

ನನ್ನ ಸ್ವಿಫ್ಟ್‌ನ ಡಿಕ್ಕಿ 204 ಲೀಟರ್, ಅದರಲ್ಲಿ ತರಕಾರಿ ಚೀಲಕ್ಕೂ ಜಾಗ ಬೇಕು. ಒಳ ಅಳತೆ ಅಗಲ 16, ಎತ್ತರ 13, ಆಳ ಮೇಲೆ ಏಳೂವರೆ, ಕೆಳಗೆ ಹತ್ತೂವರೆ ಇಂಚು. ಮ್ಯಾಗ್ನೆಟ್‌ನ ಜಾಗ ಕಳೆದರೆ ಒಂದು ಘನ ಅಡಿ ಉಳಿಯುತ್ತದೆ. ಓರೆ ಕೊಟ್ಟಿದ್ದು ಸೀಟಿನ ಬೆನ್ನಿಗೆ ಕೂರಲಿ ಅಂತ. ನಮ್ಮ ಬೀದಿಯ ಕಾರ್ಪೆಂಟರ್ ಅಣ್ಣನ ಹತ್ತಿರ 18 ಎಂಎಂ ಎಂಡಿಎಫ್ ಹಲಗೆಯ ತುಂಡುಗಳಿದ್ದವು, ಕಟಿಂಗ್ ಸೇರಿ 700 ತಗೊಂಡರು. ಫೆವಿಕಾಲ್, ಸ್ಕ್ರೂ, ಒಳಮೂಲೆಗಳಿಗೆಲ್ಲ ಸಿಲಿಕೋನ್. ಸಿಲಿಕೋನ್ ಒಂದು ಇಡೀ ದಿನ ಒಣಗಲಿ, ಹಸಿ ಇರುವಾಗಲೇ ಸಬ್ ಕೂರಿಸಬೇಡಿ. ಗಾಳಿ ಸೋರುತ್ತಾ ಅಂತ ನೋಡಲು ಕೋನ್ ಮೆಲ್ಲಗೆ ಒತ್ತಿ ಬಿಡಿ, ನಿಧಾನವಾಗಿ ಎದ್ದು ಬಂದರೆ ಬಾಕ್ಸ್ ಬಿಗಿಯಾಗಿದೆ.

ಇಲ್ಲೇ ಸ್ವಲ್ಪ ಆಟವಾಡಿದೆ. ಹಳೇ ದಿಂಬು ಬಿಚ್ಚಿ ಅದರೊಳಗಿನ ಫೈಬರ್ ಹತ್ತಿಯನ್ನು ಬಾಕ್ಸಿಗೆ ತುಂಬಿದೆ, ಅರ್ಧ ಕೆಜಿ ಇರಬಹುದು. ಡೊಳ್ಳಿನ ಪೆಟ್ಟು ಇನ್ನೂ ಬಿಗಿಯಾಯಿತು, ಸಣ್ಣ ವ್ಯತ್ಯಾಸ, ಆದರೆ ಕೇಳಿಸುತ್ತದೆ. ಪೂರ್ತಿ ಗಿಡಿದು ತುಂಬಿದಾಗ ಬೇಸ್ ಸಪ್ಪೆಯಾಯಿತು, ಅರ್ಧ ತೆಗೆದೆ. ಸಬ್ ಮುಖವನ್ನು ಸೀಟಿನ ಕಡೆ, ಮೇಲೆ, ಹಿಂದಿನ ಬಾಗಿಲ ಕಡೆ ತಿರುಗಿಸಿ ನೋಡಿದೆ. ನನ್ನ ಕಾರಲ್ಲಿ ಹಿಂದಿನ ಬಾಗಿಲ ಕಡೆ ಇಟ್ಟಾಗಲೇ ಜೋರು. ಆದರೆ ಆಗ ನಂಬರ್ ಪ್ಲೇಟ್ ಕಟಕಟ ಅನ್ನತೊಡಗಿತು, ಹಿಂದೆ ಫೋಮ್ ಟೇಪ್ ಅಂಟಿಸಿದ ಮೇಲೆ ನಿಂತಿತು.

ವೈರ್ ವಿಷಯಕ್ಕೆ ದುಡ್ಡು ಉಳಿಸಬೇಡಿ. ಮೊದಲಿದ್ದ ರೆಡಿಮೇಡ್ ಕಿಟ್‌ನ ಎಳೆಯನ್ನು ಬ್ಲೇಡ್‌ನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಬೇಸ್ ಬಿದ್ದಾಗ ಬ್ಯಾಟರಿಯಲ್ಲಿ 13.7 ಇದ್ದರೆ ಆಂಪ್ ಹತ್ತಿರ 12.8ಕ್ಕೆ ಇಳಿಯುತ್ತಿತ್ತು. ಪೂರ್ತಿ ತಾಮ್ರದ 16 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಎಳೆದೆ, ಬ್ಯಾಟರಿ ಪಕ್ಕದಲ್ಲೇ 50ರ ಫ್ಯೂಸ್, ಪೇಂಟ್ ಕೆರೆದು ಬಾಡಿಗೆ ಗಿಡ್ಡ ಅರ್ತ್. ಈಗ 13.4ರ ಹತ್ತಿರ ನಿಲ್ಲುತ್ತದೆ. ಕೇಬಲ್, ಲಗ್, ಫ್ಯೂಸ್ ಸೇರಿ 1,800 ಆಗಿರಬೇಕು.

ಗೇನ್ ಅನ್ನು ಕಿವಿಯಲ್ಲಿ ಇಡಲಿಲ್ಲ. ಸಬ್ ಬಿಚ್ಚಿ, 50 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೊ ಮುಕ್ಕಾಲು ವಾಲ್ಯೂಮ್‌ನಲ್ಲಿ ಔಟ್‌ಪುಟ್ 24.5 ವೋಲ್ಟ್ ಬರುವಲ್ಲಿಗೆ ನಿಲ್ಲಿಸಿದೆ. 150 ಮತ್ತು 4ರ ಗುಣಲಬ್ಧದ ವರ್ಗಮೂಲ ಅಷ್ಟೇ. ಬೇಸ್ ಬೂಸ್ಟ್ ಸೊನ್ನೆ. ಕ್ರಾಸೋವರ್ 80 ಹರ್ಟ್ಸ್, ಅಂದರೆ ಅದರ ಕೆಳಗಿನದು ಮಾತ್ರ ಸಬ್‌ಗೆ, ಡೋರ್‌ಗಳಿಗೂ ಅಲ್ಲೇ ಹೈಪಾಸ್ (ಅದರ ಮೇಲಿನದು ಮಾತ್ರ), ಇದರಿಂದ ಅವುಗಳ ಹೊರೆಯೂ ಇಳಿಯಿತು. ಸಬ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ ಎರಡೂ ರೀತಿ ಕೇಳಿ, ಜೋರಾಗಿದ್ದನ್ನು ಇಟ್ಟುಕೊಳ್ಳಿ. ಬೇಸ್ ಡಿಕ್ಕಿಯಿಂದಲ್ಲ, ಡ್ಯಾಶ್‌ಬೋರ್ಡ್‌ನಿಂದ ಬರುವ ಹಾಗೆ ಕೇಳಿಸಲು ಇನ್ನೊಂದು ಹೊಂದಾಣಿಕೆ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತುಂಬ ಕಷ್ಟಪಟ್ಟು ಕಂಡುಕೊಂಡಿದ್ದು.

ಒಟ್ಟು ಖರ್ಚು, ಕಾರ್ಪೆಟ್ ಬಟ್ಟೆ ಸೇರಿ, ಏಳೂವರೆ ಸಾವಿರದ ಒಳಗೆ. ಮೊದಲ ಸಬ್‌ನಲ್ಲಿ ಹೋದ ಎರಡೂವರೆ ಸಾವಿರ ಸೇರಿಸಿದರೂ ಅಂಗಡಿಯ ಲೆಕ್ಕದ ಅರ್ಧಕ್ಕೂ ಬರಲಿಲ್ಲ. ಬೆಂಗಳೂರಿಗೆ ಹೋಗಿ ಬರುವಷ್ಟೂ ಹೊತ್ತು ಜೋರಾಗಿ ಹಾಕಿದರೂ ಆಂಪ್ ಬೆಚ್ಚಗಿರುತ್ತದೆ ಅಷ್ಟೇ, ಕೆಂಪು ಲೈಟ್ ಮತ್ತೆ ಹತ್ತಿಲ್ಲ. ಡೊಳ್ಳು ಹಾಕಿದರೆ ಕನ್ನಡಿ ನಡುಗುತ್ತದೆ.

ಅಲ್ಲಾಡೋದೂ ಇಲ್ಲ ಅಂದಿದ್ದ ಗೆಳೆಯ ಪಕ್ಕದ ಸೀಟಲ್ಲಿ ಕೂತು ಕೇಳಿದ. ಈಗ ಅವನ ವ್ಯಾಗನ್‌ಆರ್‌ಗೂ ಮಾಡಿಕೊಡು ಅಂತ ಹಿಂದೆ ಬಿದ್ದಿದ್ದಾನೆ. ಅವನದು 2 ಓಂ ತಾಳುವ ಮೊನೊ ಆಂಪ್, ಕ್ಲಾಸ್ ಡಿ (ಕಮ್ಮಿ ಬಿಸಿಯಾಗಿ ಹೆಚ್ಚು ಪವರ್ ಹೊರಗೆ ಕೊಡುವ ಬಗೆ), 30ರ ಎರಡು ಫ್ಯೂಸ್. ಹಾಗಾಗಿ ನನ್ನ ಸಬ್ ಅವನಿಗೆ ಆಗುವುದಿಲ್ಲ, ಪ್ಯಾರಲಲ್ ಮಾಡಿದರೆ 1 ಓಂ, ಸೀರೀಸ್ ಮಾಡಿದರೆ 4, 2 ಓಂ ಬರುವುದೇ ಇಲ್ಲ. ನಾನು ಮಾರಿದಂಥ ಡ್ಯುಯಲ್ 4 ಓಂ ಸಬ್ಬೇ ಅವನಿಗೆ ಪ್ಯಾರಲಲ್‌ನಲ್ಲಿ ಸರಿ, 500 ಆರ್‌ಎಂಎಸ್‌ನ ಮೇಲಿನದು. ಮುಂದಿನ ವಾರ ಮೀಟರ್ ಹಿಡಿದು ಜೆ.ಸಿ. ರೋಡ್‌ಗೆ ಇಬ್ಬರೂ ಹೋಗುತ್ತಿದ್ದೇವೆ.