ಮೊದಲು ತೊಟ್ಟಿಲು, ಆಮೇಲೆ ಮಿರ್ಚಿ

"ನಮ್ಮೂರಲ್ಲಿ ವಂಡರ್‌ಲಾ ಯಾಕಿಲ್ಲ ಮಾವ?" ರಜೆ ಬಂದಾಗಲೆಲ್ಲ ಅಕ್ಕನ ಮಗ ಕೇಳುವ ಪ್ರಶ್ನೆ ಇದು. ಶಿವಮೊಗ್ಗದಲ್ಲಿ ಬಸ್ಸು ಹತ್ತಿ, ಬೆಂಗಳೂರು ದಾಟಿ, ಬಿಡದಿ ಹತ್ತಿರದ ಆ ಮನರಂಜನಾ ಪಾರ್ಕಿಗೆ ಇಳಿಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಆದರೆ ನಮಗೂ ಆಟ ಉಂಟು. ನಾವು ಅದರ ಹತ್ತಿರ ಹೋಗಬೇಕಿಲ್ಲ, ಜಾತ್ರೆ ಬಂದಾಗ ಅದೇ ಲಾರಿ ಹತ್ತಿ ನಮ್ಮ ಹತ್ತಿರ ಬರುತ್ತದೆ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. 2020ರಲ್ಲಿ ಆಯಿತು, 2023ರಲ್ಲಿ ಆಯಿತು. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಐದು ದಿನ. 2022ರಲ್ಲಿ, 2024ರಲ್ಲಿ ಹೋದವರಿಗೆ ಆ ಜನಜಂಗುಳಿ ನೆನಪಿರುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮಾತ್ರ ಪ್ರತಿ ವರ್ಷ. ದೇವರ ದರ್ಶನದ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಮನೆಯ ಹಿರಿಯರು ಹೇಳುತ್ತಾರೆ. ಇಲ್ಲಿ ಹೇಳುವುದು ದರ್ಶನ ಮುಗಿದ ಮೇಲಿನ ಸಂಜೆಯ ಬಗ್ಗೆ.

ಅದರಲ್ಲಿ ನನಗೆ ಸ್ವಲ್ಪ ಅನುಭವ ಇದೆ. ಹತ್ತು ವರ್ಷದವನಿದ್ದಾಗ ಎರಡು ಮಿರ್ಚಿ ತಿಂದು, ಒಂದು ಲೋಟ ಕಬ್ಬಿನ ಹಾಲು ಕುಡಿದು ನೇರ ಕೊಲಂಬಸ್ ಹತ್ತಿದೆ, ಅದೇ ಹಿಂದೆ ಮುಂದೆ ತೂಗುವ ದೊಡ್ಡ ಹಡಗು. ಪಕ್ಕದಲ್ಲಿ ಸೋದರಮಾವ ಕೂತಿದ್ದರು. ಬಿಳಿ ಪಂಚೆ, ಹೊಸದು. ಮುಂದಿನದು ನಿಮಗೇ ಗೊತ್ತಾಗುತ್ತದೆ. ತಪ್ಪು ಕೊಲಂಬಸ್‌ದೂ ಅಲ್ಲ, ಮಿರ್ಚಿಯದೂ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಉಲ್ಟಾ ಆಗಿತ್ತು, ಅಷ್ಟೇ.

ದಿನ ಮತ್ತು ಹೊತ್ತು

ಶನಿವಾರ, ಭಾನುವಾರ ಬೇಡ. ಜಾತ್ರೆಯ ಮೊದಲ ಎರಡು ದಿನವೂ ಬೇಡ, ಆಗ ಊರೆಲ್ಲ ಸಾಲಿನಲ್ಲೇ ಇರುತ್ತದೆ. ವಾರದ ನಡುವಿನ ಒಂದು ಸಂಜೆ ನೋಡಿಕೊಳ್ಳಿ. ಇನ್ನೊಂದು ಉಪಾಯವೂ ಇದೆ. ಜಾತ್ರೆ ಮುಗಿದ ಮೇಲೂ ಆಟದವರು ಕೆಲವು ಸಲ ಒಂದಷ್ಟು ದಿನ ಉಳಿಯುತ್ತಾರೆ. ಆಗ ಸಾಲು ಚಿಕ್ಕದು, ಒಂದು ಸುತ್ತು ಜಾಸ್ತಿಯೇ ತಿರುಗಿಸುತ್ತಾರೆ.

ಐದು ಗಂಟೆಗೆ ಮೈದಾನದಲ್ಲಿರಿ. ಬೆಳಕಿರುವಾಗ ಒಂದೆರಡು ಆಟ ಮುಗಿಸಬಹುದು. ದೀಪ ಹತ್ತಿದ ಮೇಲೆ ಜನ ನುಗ್ಗುತ್ತಾರೆ.

ಮನೆಯಲ್ಲಿ ಮಾಡಬೇಕಾದ್ದು

ಹೊರಡುವ ಎರಡು ಗಂಟೆ ಮೊದಲು ಹಗುರವಾಗಿ ಏನಾದರೂ ತಿನ್ನಿ. ಅವಲಕ್ಕಿ ಮೊಸರು ಸಾಕು. ಖಾಲಿ ಹೊಟ್ಟೆಯಲ್ಲಿ ಹೋದರೂ ವಾಕರಿಕೆ ಬರುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ಕಳೆದುಹೋದರೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಹೇಳಿ. "ತೊಟ್ಟಿಲ ಹತ್ತಿರ" (ಅಂದರೆ ಜಾಯಿಂಟ್ ವೀಲ್ ಹತ್ತಿರ) ಅನ್ನಬೇಡಿ, ಅಲ್ಲಿ ಊರೇ ನಿಂತಿರುತ್ತದೆ. ದೇವಸ್ಥಾನದ ಬಾಗಿಲೋ, ಪೊಲೀಸರ ಪೆಂಡಾಲೋ ಒಳ್ಳೆಯದು.

ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ. ಸಾವಿರಾರು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಗೋಬಿ ಪ್ಲೇಟು ಕೈಗೆ ಬಂದ ಮೇಲೆ ಫೋನ್‌ನಲ್ಲಿ ಚಕ್ರ ತಿರುಗುವುದನ್ನು ನೋಡುತ್ತ ನಿಲ್ಲುವುದು ಬಹಳ ಮುಜುಗರ. ಉದ್ದ ದುಪಟ್ಟಾ, ಇಳಿಬಿಟ್ಟ ಸೆರಗು, ಬಿಚ್ಚಿದ ಕೂದಲು ಬೇಡ. ತಿರುಗುವ ಯಂತ್ರಕ್ಕೆ ಇವು ಸಿಕ್ಕಿಕೊಳ್ಳುವುದೇ ದೊಡ್ಡ ಅಪಾಯ. ಹವಾಯಿ ಚಪ್ಪಲಿ ಹಾಕಿದ್ದರೆ ಹತ್ತುವ ಮೊದಲು ಕೆಳಗೆ ಬಿಡಿ, ಮೇಲಿಂದ ಯಾರ ತಲೆಯ ಮೇಲಾದರೂ ಬಿದ್ದೀತು.

ಮೊದಲ ಸುತ್ತು ಬರೀ ನೋಡಲಿಕ್ಕೆ

ಟಿಕೆಟ್ ತೆಗೆಯುವ ಮೊದಲು ಮೈದಾನಕ್ಕೆ ಒಂದು ಸುತ್ತು ಹಾಕಿ. ಪ್ರತಿ ಆಟದ ಮುಂದೂ ಅದು ಒಮ್ಮೆ ಪೂರ್ತಿ ಮುಗಿಯುವ ತನಕ ನಿಲ್ಲಿ. ನೋಡಬೇಕಾದ್ದು ದೀಪ, ಬಣ್ಣ ಅಲ್ಲ. ಹುಡುಗರು ಪ್ರತಿ ಸೀಟಿನ ಕಂಬಿಯನ್ನು ಕೈಯಲ್ಲಿ ಎಳೆದು ನೋಡುತ್ತಿದ್ದಾರಾ? ತೊಟ್ಟಿಲ ಬಾಗಿಲಿಗೆ ಚಿಲಕದ ಜೊತೆ ಪಿನ್ನೂ ಹಾಕುತ್ತಿದ್ದಾರಾ? ತುಂಬ ಚಿಕ್ಕ ಮಕ್ಕಳನ್ನು ವಾಪಸ್ ಕಳಿಸುತ್ತಿದ್ದಾರಾ? ಕಳಿಸುತ್ತಿದ್ದರೆ ಅದು ಒಳ್ಳೆಯ ಲಕ್ಷಣ, ಜಗಳಕ್ಕೆ ಹೋಗಬೇಡಿ. ಎಲ್ಲರನ್ನೂ ಗಡಿಬಿಡಿಯಲ್ಲಿ ತುಂಬಿಸಿ ಗುಂಡಿ ಒತ್ತುವವರನ್ನು ಕಂಡರೆ ಮುಂದಿನ ಆಟಕ್ಕೆ ನಡೆಯಿರಿ.

ಹತ್ತುವ ಕ್ರಮ

ಶುರು ಮಾಡಬೇಕಾದ್ದು ದೊಡ್ಡ ತೊಟ್ಟಿಲಿನಿಂದ. ಅದೇ ಜಾಯಿಂಟ್ ವೀಲ್. ಹಿಂದೆ ಮರದ ತೊಟ್ಟಿಲನ್ನು ಕೈಯಲ್ಲೇ ತಿರುಗಿಸುತ್ತಿದ್ದರು, ಹೆಸರು ಹಾಗೇ ಉಳಿದಿದೆ. 1893ರಲ್ಲಿ ಶಿಕಾಗೋ ಮೇಳದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ ಚಕ್ರ ಸುಮಾರು 80 ಮೀಟರ್ ಎತ್ತರ ಇತ್ತು. ಅದರ ಮುಂದೆ ನಮ್ಮದು ಮರಿ. ಆದರೂ ಮೇಲಿಂದ ಇಡೀ ಮೈದಾನ ಕಾಣುತ್ತದೆ, ಎಲ್ಲಿ ಯಾವ ಆಟ, ಎಲ್ಲಿ ಮಂಡಕ್ಕಿ ಅಂಗಡಿ ಅಂತ ಲೆಕ್ಕ ಸಿಗುತ್ತದೆ. ತುದಿಯಲ್ಲಿ ನಿಂತುಬಿಟ್ಟರೆ ಹೆದರಬೇಡಿ, ಕೆಟ್ಟಿದೆ ಅಂತಲ್ಲ. ಒಂದೇ ಬದಿಗೆ ಭಾರ ಬೀಳದ ಹಾಗೆ ಆ ಕಡೆ ಒಂದು, ಈ ಕಡೆ ಒಂದು ತೊಟ್ಟಿಲು ತುಂಬಿಸುತ್ತಾರೆ. ಅದಕ್ಕೇ ಅಷ್ಟು ಸಲ ನಿಲ್ಲುತ್ತದೆ. ತುದಿ ದಾಟಿ ಇಳಿಯುವಾಗ ಹೊಟ್ಟೆಯಲ್ಲಿ ಝುಂ ಅನ್ನುತ್ತದಲ್ಲ, ಆಗ ನಿಮ್ಮ ಭಾರ ನಿಮಗೇ ಕಡಿಮೆ ಅನಿಸುತ್ತಿರುತ್ತದೆ. ಸೀಟು ಕೆಳಗೆ ಜಾರುತ್ತಿರುವುದರಿಂದ ನಿಮ್ಮನ್ನು ಮೊದಲಿನಷ್ಟು ಒತ್ತುವುದಿಲ್ಲ.

ಎರಡನೆಯದು ಕೊಲಂಬಸ್. ಇಲ್ಲಿ ಸೀಟು ಆರಿಸುವುದೇ ವಿದ್ಯೆ. ಹಡಗಿನ ಎರಡು ತುದಿಗಳು ಎಲ್ಲಕ್ಕಿಂತ ಮೇಲೆ ಹೋಗುತ್ತವೆ, ಹಾಗಾಗಿ ಝುಂ ಅನ್ನುವುದೂ ಅಲ್ಲೇ ಜಾಸ್ತಿ. ನಡುವಿನ ಸಾಲು ಶಾಂತ. ಮೊದಲ ಸಲದವರನ್ನು ನಡುವೆ ಕೂರಿಸಿ. ಕಾಲೇಜು ಹುಡುಗರು ಹೇಗೂ ತುದಿ ಬಿಡುವುದಿಲ್ಲ, ಅಲ್ವಾ?

ಬ್ರೇಕ್ ಡ್ಯಾನ್ಸ್, ಟೊರಾಟೊರಾ ತರಹದ ಗಿರಗಿರ ಆಟಗಳು ಕೊನೆಗೆ. ದೊಡ್ಡ ತಟ್ಟೆ ಒಂದು ಕಡೆ ತಿರುಗುತ್ತದೆ, ಅದರ ಮೇಲೆ ನಿಮ್ಮ ಸೀಟು ತನ್ನಷ್ಟಕ್ಕೆ ತಿರುಗುತ್ತದೆ. ನಮ್ಮ ಸಮತೋಲನ ನೋಡಿಕೊಳ್ಳುವುದು ಒಳಗಿವಿ. ಅದು ಹೇಳುವುದು ಒಂದು, ಕಣ್ಣು ಹೇಳುವುದು ಇನ್ನೊಂದು ಆದಾಗ ತಲೆ ಸುತ್ತಿ ವಾಕರಿಕೆ ಬರುತ್ತದೆ. ಬಸ್ಸಿನಲ್ಲಿ ಮೊಬೈಲ್ ನೋಡಿದರೆ ಆಗುವುದೂ ಇದೇ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು.

ನಮ್ಮ ಕಡೆಯವರಿಗೆ ಸುಲಭವಾದ ಪರೀಕ್ಷೆ ಇದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಗು ಹೇಗೆ ಇಳಿಯಿತು ನೆನಪಿಸಿಕೊಳ್ಳಿ. ಏಳನೇ ತಿರುವಿಗೇ ಪ್ಲಾಸ್ಟಿಕ್ ಕವರ್ ಕೇಳಿದ್ದರೆ ಬ್ರೇಕ್ ಡ್ಯಾನ್ಸ್ ಬೇಡ. ಹೊಸನಗರದ ಕಡೆಯಿಂದ ತಿರುವು ತಿರುವಾಗಿ ಬಸ್ಸಲ್ಲಿ ಬಂದಿಳಿದವರೂ ಅರ್ಧ ಗಂಟೆ ಸುಮ್ನೆ ಓಡಾಡಿ ಆಮೇಲೆ ಹತ್ತಿ.  ಹಸಿಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತ.

ನಡುವೆ ಸುಧಾರಿಸಿಕೊಳ್ಳಲು ಮರಣ ಬಾವಿ ಇದೆ, ಹಲಗೆಯ ದೊಡ್ಡ ಬಾವಿಯ ಗೋಡೆಯ ಮೇಲೆ ಬೈಕು ಓಡಿಸುವ ಆಟ. ನನಗೆ ಇಡೀ ಜಾತ್ರೆಯಲ್ಲಿ ಅದೇ ಇಷ್ಟ. ನಾವು ಮೇಲೆ ನಿಂತು ನೋಡುವುದಷ್ಟೇ, ಹಲಗೆ ಮಾತ್ರ ಕಾಲ ಕೆಳಗೆ ನಡುಗುತ್ತಿರುತ್ತದೆ. ಬೈಕು ವೇಗವಾಗಿ ಸುತ್ತುವಾಗ ಚಕ್ರ ಗೋಡೆಯನ್ನು ಒತ್ತುತ್ತದೆ, ಗೋಡೆ ಅಷ್ಟೇ ಬಲವಾಗಿ ಬೈಕನ್ನು ಒಳಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಹಿಡಿತವೇ ಬೈಕು ಜಾರದ ಹಾಗೆ ನೋಡಿಕೊಳ್ಳುತ್ತದೆ. ವೇಗ ಇಳಿದರೆ ಹಿಡಿತವೂ ಹೋಯಿತು. ಸವಾರ ಕೈ ಬಿಟ್ಟು ನೀವು ಮೇಲಿಂದ ಚಾಚಿದ ನೋಟು ಕಿತ್ತುಕೊಳ್ಳುವುದು ಅದನ್ನೆಲ್ಲ ಲೆಕ್ಕ ಹಾಕಿಯೇ. ನೋಟನ್ನು ಮಕ್ಕಳ ಕೈಯಲ್ಲಿ ಕೊಡಬೇಡಿ, ಅವರು ಬಗ್ಗಿಬಿಡುತ್ತಾರೆ.

ಈಗ ತಿನ್ನಬಹುದು

ಕೊನೆಯ ಆಟ ಇಳಿದು ಅರ್ಧ ಗಂಟೆ ಆಗಿರಲಿ. ಮೊದಲು ಒಣ ತಿಂಡಿ. ಮಂಡಕ್ಕಿಗೆ ಈರುಳ್ಳಿ, ಖಾರ, ನಿಂಬೆರಸ ಹಾಕಿ ಕಣ್ಣೆದುರೇ ಕಲಸಿಕೊಡುತ್ತಾರೆ. ಅದರ ಜೊತೆಗೇ ಮಿರ್ಚಿ. ತಟ್ಟೆಯಲ್ಲಿ ರಾಶಿ ಹಾಕಿಟ್ಟಿದ್ದನ್ನು ತೋರಿಸಿದರೆ ಬೇಡ ಅನ್ನಿ, ಬಾಣಲೆಯಿಂದ ಎತ್ತುವ ತನಕ ಕಾಯಿರಿ. ಎಣ್ಣೆ ಕಪ್ಪಗೆ, ಮಂದವಾಗಿ, ಬಿಸಿಯಾದ ಕೂಡಲೇ ಹೊಗೆಯಾಡುತ್ತಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಜಾತ್ರೆಯಲ್ಲಿ ಮಿರ್ಚಿ ಅಂಗಡಿಗೇನು ಬರವೇ!

ಗೋಬಿ ಕೆಂಪಗಿದ್ದಷ್ಟೂ ರುಚಿ ಅನ್ನುವ ಕಾಲ ಹೋಯಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಮಿಠಾಯಿಯ ಮಾದರಿಗಳಲ್ಲಿ ರೋಡಮಿನ್-ಬಿ ಸಿಕ್ಕಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಇದೇ ನಿಯಮ ಬಂತು. ಹಾಗಾಗಿ ಗೋಬಿ ಕಂದು ಬಣ್ಣಕ್ಕಿರಲಿ, ತಿಂದ ಮೇಲೆ ಬೆರಳು ಕೆಂಪಾಗದಿರಲಿ. ಬಾಂಬೆ ಮಿಠಾಯಿ ಬೆಳ್ಳಗಿದ್ದರೆ ಧಾರಾಳವಾಗಿ ಕೊಡಿಸಿ, ಅದು ಬರೀ ಸಕ್ಕರೆಯ ನೂಲು. ಅದರ ಯಂತ್ರ ಕಂಡುಹಿಡಿದವರಲ್ಲಿ ಒಬ್ಬ ಅಮೆರಿಕದ ಹಲ್ಲಿನ ಡಾಕ್ಟರು, 1897ರಲ್ಲಿ. ದೂರಾಲೋಚನೆ ಇದ್ದ ಮನುಷ್ಯ.

ಡೆಲ್ಲಿ ಹಪ್ಪಳ ಒಂದು ಸಾಕು, ನಾಲ್ವರು ತಿನ್ನಬಹುದು. ಕಬ್ಬಿನ ಹಾಲನ್ನು ಐಸ್ ಇಲ್ಲದೆ ಕೇಳಿ. ಕಬ್ಬು ಚೆನ್ನಾಗೇ ಇರುತ್ತದೆ, ಐಸ್ ಯಾವ ನೀರಿನದು ಅಂತ ಹೇಳುವವರಿಲ್ಲ. ಕುಡಿಯುವ ನೀರು ಮನೆಯದೇ ಇರಲಿ.

ಬೆಂಡು ಬತ್ತಾಸು ಕೊಳ್ಳುವುದು ಹೊರಡುವಾಗ. ಮೊದಲೇ ಕೊಂಡು ಚೀಲದಲ್ಲಿಟ್ಟುಕೊಂಡು ಕೊಲಂಬಸ್ ಹತ್ತಿದರೆ ಮನೆಗೆ ಹೋಗುವುದು ಸಕ್ಕರೆ ಪುಡಿ. ಪೊಟ್ಟಣ ಎರಡು ಕಟ್ಟಿಸಿ. ಒಂದು ಮನೆಯಲ್ಲಿ ಕಾಯುತ್ತಿರುವ ಅಜ್ಜಿಗೆ. ಇನ್ನೊಂದು, ಮಕ್ಕಳು ನಿದ್ದೆ ಹೋದ ಮೇಲೆ ಬಸ್ಸಿನಲ್ಲಿ ಸದ್ದಿಲ್ಲದೆ ಬಿಚ್ಚಲಿಕ್ಕೆ.