ಎತ್ತಿಟ್ಟ ಬೀಜದಿಂದಲೇ ಭೂತ್ ಜೊಲೊಕಿಯಾ: ನನ್ನ ಅನುಭವ

ನಾನೇ ಎತ್ತಿಟ್ಟ ಬೀಜದಿಂದ ಬೆಳೆದ ಭೂತ್ ಜೊಲೊಕಿಯಾ, ಅಂದರೆ ಅಸ್ಸಾಮಿನ ಆ ಭಾರೀ ಖಾರದ ಮೆಣಸು, ಈ ಸಲವೂ ಮೊದಲ ವರ್ಷದಷ್ಟೇ ಖಾರ ಬಂದಿದೆ. ಇದು ನಾಲ್ಕನೇ ತಲೆಮಾರು. "ಅಸ್ಸಾಮಿನ ಮೆಣಸು ಮಲೆನಾಡಿನಲ್ಲಿ ಒಂದು ವರ್ಷ ಖಾರ, ಆಮೇಲೆ ಸಪ್ಪೆ. ವರ್ಷಾ ವರ್ಷಾ ಹೊಸ ಬೀಜ ತರಿಸಲೇಬೇಕು" ಎಂದವರು ಒಬ್ಬಿಬ್ಬರಲ್ಲ. ನರ್ಸರಿಯವರು ಹೇಳಿದರು, ನಮ್ಮ ಭಾವನೂ ಹೇಳಿದರು. ಆ ಭಾವನೇ ಈಗ ಸಸಿ ಕೇಳಿಕೊಂಡು ಬರುತ್ತಿದ್ದಾರೆ. ಹಾಗಾಗಿ ಬರೆಯೋಣ ಅನ್ನಿಸಿತು.

ಮೊದಲು ದುಡ್ಡು ಹೋದ ಕಥೆ. ಶುರುವಿನಲ್ಲಿ ಬೀಜವನ್ನು ಆನ್‌ಲೈನ್‌ನಲ್ಲಿ ತರಿಸಿದೆ. 10 ಬೀಜಕ್ಕೆ ಹತ್ತಿರ ಹತ್ತಿರ 200 ರೂಪಾಯಿ. ಬೇರೆ ಬೇರೆ ಕಡೆಯಿಂದ ತರಿಸಿ ಸಾವಿರ ದಾಟಿತು. ಒಂದು ಪ್ಯಾಕೆಟ್ ಹುಟ್ಟಲೇ ಇಲ್ಲ. ಇನ್ನೊಂದರಲ್ಲಿ ಹುಟ್ಟಿದ್ದು ಬಜ್ಜಿ ಮೆಣಸಿನಂಥ ಉದ್ದ ಕಾಯಿ! ಐದು ತಿಂಗಳು ನೀರು ಗೊಬ್ಬರ ಹಾಕಿದ ಮೇಲೆ ಅದು ಗೊತ್ತಾಗುವುದು. ಕೊನೆಗೆ ಸೇನೆಯಲ್ಲಿರುವ ನಮ್ಮೂರಿನ ಹುಡುಗನೊಬ್ಬ ರಜೆಗೆ ಬರುವಾಗ ಅಸ್ಸಾಮಿನ ಜೋರ್ಹಾಟ್ ಕಡೆಯಿಂದ ಒಂದಿಷ್ಟು ಕೆಂಪು ಹಣ್ಣು ತಂದುಕೊಟ್ಟ. ನನ್ನ ಹತ್ತಿರ ಇರುವುದೆಲ್ಲ ಅದರ ವಂಶ.

ಆ ಹಣ್ಣಿನ ಬೀಜದಿಂದ ಬಂದ ಗಿಡಗಳು ಚೆನ್ನಾಗಿಯೇ ಬಿಟ್ಟವು. ಅವುಗಳ ಬೀಜ ಎತ್ತಿಟ್ಟು ಮರುವರ್ಷ ಹಾಕಿದೆ. ಅರ್ಧಕ್ಕರ್ಧ ಗಿಡ ಜಾತಿ ಕೆಟ್ಟಿತ್ತು. ಕಾಯಿ ಸಣ್ಣ, ಮೈ ನುಣುಪು. ಭೂತ್ ಜೊಲೊಕಿಯಾ ಕಾಯಿ ಜೋತು ಬೀಳಬೇಕು, ಇವು ಅರ್ಧ ಆಕಾಶ ನೋಡುತ್ತಿದ್ದವು. ಖಾರ ಇತ್ತು, ಆದರೆ ಆ ಖಾರ ಅಲ್ಲ. "ನೋಡಿದೆಯಾ, ಮಣ್ಣಿಗೆ ಒಗ್ಗಲಿಲ್ಲ" ಎಂದರು ಎಲ್ಲರೂ. ಮಣ್ಣಿನದೇನೂ ತಪ್ಪಿಲ್ಲ. ಬೇಲಿ ಬದಿಯಲ್ಲಿ ಜೀರಿಗೆ ಮೆಣಸಿನ ಗಿಡಗಳಿದ್ದವು. ಜೇನುಹುಳ ಅಲ್ಲಿಂದ ಇಲ್ಲಿಗೆ ಓಡಾಡಿದೆ, ಅಷ್ಟೇ. ಬೆರಕೆಯಾದರೂ ಆ ವರ್ಷದ ಕಾಯಿಯಲ್ಲಿ ಏನೂ ಕಾಣುವುದಿಲ್ಲ. ಒಳಗಿನ ಬೀಜ ಬೆರಕೆಯಾಗಿರುತ್ತದೆ, ಮುಂದಿನ ವರ್ಷ ಗಿಡವಾದಾಗ ಬಯಲಾಗುತ್ತದೆ. ಜನ ಅದನ್ನೇ "ಖಾರ ಇಳಿಯಿತು" ಅನ್ನುವುದು.

ಅದೃಷ್ಟಕ್ಕೆ ಜೋರ್ಹಾಟಿನ ಹಣ್ಣಿನದೇ ಬೀಜ ಸ್ವಲ್ಪ ಡಬ್ಬಿಯಲ್ಲಿ ಉಳಿದಿತ್ತು. ಅದರಿಂದಲೇ ಮತ್ತೆ ಶುರು ಮಾಡಿದೆ. ಈ ಸಲ ಹೂವಿಗೇ ಚೀಲ ಕಟ್ಟಿದೆ.

ಚೀಲಕ್ಕೆ ಕಾಸು ಖರ್ಚಿಲ್ಲ. ಮದುವೆ, ಗೃಹಪ್ರವೇಶದಲ್ಲಿ ತಾಂಬೂಲ ಹಾಕಿಕೊಡುತ್ತಾರಲ್ಲ, ದಾರ ಎಳೆದರೆ ಬಾಯಿ ಮುಚ್ಚುವ ತೆಳು ಜಾಲರಿ ಚೀಲ, ಅದೇ. ಮನೆಯಲ್ಲಿ ರಾಶಿ ಬಿದ್ದಿರುತ್ತದೆ. ಮೊಗ್ಗು ಬೆಳ್ಳಗೆ ಉಬ್ಬಿ ಇನ್ನೂ ಬಾಯಿ ಬಿಡದೆ ಇರುವಾಗ ಆ ಟಿಸಿಲಿಗೆ ಚೀಲ ಹಾಕಿ ದಾರ ಎಳೆಯಬೇಕು. ಒಂದೊಂದು ಗಂಟಿನಲ್ಲಿ ಎರಡು ಮೂರು ಮೊಗ್ಗು ಇರುತ್ತವೆ. ಅದರಲ್ಲಿ ಆಗಲೇ ಅರಳಿದ್ದು ಇದ್ದರೆ ಚಿವುಟಿ ಬಿಸಾಡಿ, ಕರುಣೆ ಬೇಡ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಸುಮಾರು 10 ಗಂಟೆಗೆ, ಚೀಲದ ಮೇಲಿಂದ ಬೆರಳಲ್ಲಿ ಎರಡು ಸಲ ಟಕ್ ಟಕ್ ಎಂದು ತಟ್ಟಿ. ತನ್ನ ಪರಾಗ ತನಗೇ ಬೀಳುತ್ತದೆ. ಕಾಯಿ ಬಟಾಣಿಯಷ್ಟಾದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ನೂಲು ಕಟ್ಟುತ್ತೇನೆ. ನೂಲು ಕಟ್ಟಿದ್ದನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ.

ಚೀಲದೊಳಗೆ ಹೂ ಜಾಸ್ತಿ ಉದುರುತ್ತದೆ. 10 ಚೀಲ ಕಟ್ಟಿದರೆ 3 ಅಥವಾ 4 ಕಾಯಿ ನಿಂತರೆ ಹೆಚ್ಚು. ಸಾಕು, ಒಂದು ಹಣ್ಣಿನಲ್ಲಿ 25–30 ಒಳ್ಳೆ ಬೀಜ ಸಿಗುತ್ತದೆ. ಆದರೆ ಒಂದೇ ಗಿಡದ ಬೀಜ ನೆಚ್ಚಿಕೊಳ್ಳಬೇಡಿ. ಐದಾರು ಗಿಡ ಆರಿಸಿ. ಎಲೆ ಮುಟುರಿದ ಗಿಡ ಎಷ್ಟೇ ಕಾಯಿ ಬಿಟ್ಟರೂ ಬೀಜಕ್ಕೆ ಬೇಡ. ನಾನು ಆರಿಸುವುದು ಮೈ ಪೂರ್ತಿ ಗುಳ್ಳೆ ಗುಳ್ಳೆ ಎದ್ದ ಕಾಯಿಯ ಗಿಡ.

ಹಣ್ಣು ಪೂರ್ತಿ ಕೆಂಪಾದ ಮೇಲೆ ಕಿತ್ತು, ಇನ್ನೂ ಹತ್ತು ದಿನ ನೆರಳಲ್ಲಿ ಇಟ್ಟು ಆಮೇಲೆ ಬೀಜ ಬಿಡಿಸಿ. ಕಿತ್ತ ದಿನವೇ ಬಿಡಿಸಿದ ಬೀಜ ನನಗೆ ಅಷ್ಟು ಚೆನ್ನಾಗಿ ಹುಟ್ಟಲಿಲ್ಲ. ಬಿಡಿಸುವುದು ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ. ಕೈಗವಸು ಹಾಕಿದರೂ ಘಾಟು ಹತ್ತಿದರೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಬರೀ ನೀರಿಗೆ ಈ ಖಾರ ಬಿಡುವುದಿಲ್ಲ. ಕಂದು ತಿರುಗಿದ ಬೀಜ ತೆಗೆದುಹಾಕಿ.

ಇನ್ನು ಮೊಳಕೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಜೀರಿಗೆ ಮೆಣಸು ಹಕ್ಕಿ ಹಿಕ್ಕೆ ಬಿದ್ದಲ್ಲೆಲ್ಲ ತಾನಾಗಿ ಹುಟ್ಟುತ್ತದೆ. ಇದು ಹಾಗಲ್ಲ, 28–30 ಡಿಗ್ರಿ ಬೆಚ್ಚಗೆ ಬೇಕು, ಅದೂ ಬಿಡದೆ. ಮಳೆಗಾಲದ ಕೊನೆಯ ಥಂಡಿಯಲ್ಲಿ ಟ್ರೇ ಹೊರಗಿಟ್ಟರೆ ತಿಂಗಳು ಕಾದರೂ ನೂರಕ್ಕೆ ಹತ್ತು ಹದಿನೈದು, ಅದರಲ್ಲೂ ಅರ್ಧ ಬುಡ ಕೊಳೆತು ಮಲಗುತ್ತವೆ. ಬಲ್ಬ್ ಹಾಕಿದ ಪೆಟ್ಟಿಗೆ ಮಾಡಿ 700–800 ರೂಪಾಯಿ ಕಳೆದೆ. ನಮ್ಮೂರಿನ ಕರೆಂಟು ನಂಬಿ ಮೊಳಕೆ ಬರಿಸಲಾಗುತ್ತಾ? ಕೊನೆಗೆ ದಾರಿ ತೋರಿಸಿದ್ದು ಬಚ್ಚಲೊಲೆ. ಹಂಡೆ ಪಕ್ಕದ ಕಟ್ಟೆ ಬೆಳಿಗ್ಗೆ ಸಂಜೆ ಬೆಂಕಿ ಹಾಕುವುದರಿಂದ ದಿನವಿಡೀ ಹದವಾಗಿ ಬೆಚ್ಚಗಿರುತ್ತದೆ. ಅದರ ಮೇಲೆ ಹಳೆಯ ಹೆಂಚು, ಹೆಂಚಿನ ಮೇಲೆ ಸ್ಟೀಲ್ ಡಬ್ಬಿ, ಒಳಗೆ ಒದ್ದೆ ಹತ್ತಿ ಬಟ್ಟೆಯಲ್ಲಿ ಬೀಜ. ಬಟ್ಟೆ ಹಿಂಡಿದರೆ ನೀರು ಸೋರಬಾರದು. ಎಂಟು ಹತ್ತು ದಿನಕ್ಕೆ ಬಿಳಿ ಬೇರು ಇಣುಕುತ್ತದೆ, ಮೂರು ವಾರಕ್ಕೆ ನೂರಕ್ಕೆ ಎಂಬತ್ತರ ಹತ್ತಿರ. ಬೇರು ಕಂಡದ್ದನ್ನೆಲ್ಲ ಅವತ್ತೇ ಟ್ರೇಗೆ ಸಾಗಿಸಿ. ಟ್ರೇಯ ಕೊಕೊಪೀಟಿಗೆ (ತೆಂಗಿನ ನಾರಿನ ಪುಡಿ) ಬುಡ ಕೊಳೆಯದ ಹಾಗೆ ಟ್ರೈಕೋಡರ್ಮಾ ಎಂಬ ಒಳ್ಳೆ ಶಿಲೀಂಧ್ರದ ಪುಡಿ ಹಾಕುವುದು ನಿಮಗೆ ಗೊತ್ತೇ ಇದೆ. ಬೀಜ ನೆನೆಸುವ ನೀರಿಗೆ ನಮ್ಮ ಹಿತ್ತಿಲಲ್ಲೇ ಸಿಗುವ ಒಂದು ವಸ್ತು ಹಾಕುತ್ತೇನೆ. ಅದೇನೆಂದು ಸದ್ಯಕ್ಕೆ ಹೇಳುವುದಿಲ್ಲ.

ಹಕ್ಕಿ ಹೊಟ್ಟೆಗೆ ಹೋಗಿ ಬಂದ ಬೀಜ ಬೇಗ ಹುಟ್ಟುತ್ತದೆ ಅಂತಾರಲ್ಲ, ಅದನ್ನೂ ನೋಡಿದೆ. ಪಿಕಳಾರ ಹಿಡಿಯಲು ಆಗುತ್ತಾ, ಕೋಳಿಗೆ ಹಣ್ಣು ಹಾಕಿದೆ. ಹಕ್ಕಿಗಳಿಗೆ ಈ ಖಾರ ತಿಳಿಯುವುದಿಲ್ಲ. ಹುಂಜ ಇಡೀ ಹಣ್ಣು ಕುಕ್ಕಿ ತಿಂದು ಕೂಗುತ್ತಾ ಹೋಯಿತು. ಆದರೆ ಹಿಕ್ಕೆಯಲ್ಲಿ ಬೀಜವೇ ಇಲ್ಲ, ಕೋಳಿ ಎಲ್ಲವನ್ನೂ ಅರೆದುಬಿಡುತ್ತದೆ. ಕೊಯ್ಲಿಗೆ ಮುಂಚೆ ನೀರು ಕಡಿಮೆ ಮಾಡಿದರೆ ಖಾರ ಏರುತ್ತದೆ ಎಂಬುದನ್ನು ಕೆಲವು ಗಿಡಕ್ಕೆ ಮಾಡಿದೆ. ಏರಿದ ಹಾಗನ್ನಿಸಿತು, ಆದರೆ ಕಾಯಿ ಇಳಿಯಿತು. ಲಾಭವಿಲ್ಲ.

ಖಾರ ಅಳೆಯಲು ನನ್ನ ಹತ್ತಿರ ಯಂತ್ರವಿಲ್ಲ. ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಅಕ್ಕ ಒಬ್ಬರಿದ್ದಾರೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ನನ್ನ ಪುಡಿ. ಮೊದಲ ವರ್ಷ ಒಂದು ಜಾಡಿಗೆ ಎಷ್ಟು ಚಮಚ ಹಾಕಿದ್ದರೋ ಈ ವರ್ಷವೂ ಅಷ್ಟೇ ಹಾಕಿದ್ದಾರೆ. ನನಗೆ ಅದೇ ಪ್ರಮಾಣಪತ್ರ. 2007ರಲ್ಲಿ ಈ ಮೆಣಸು ಜಗತ್ತಿನಲ್ಲೇ ಅತಿ ಖಾರದ್ದೆಂದು ಗಿನ್ನೆಸ್ ದಾಖಲೆಗೆ ಸೇರಿದಾಗ, ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ 10 ಲಕ್ಷ ದಾಟಿತ್ತು. 2013ರಲ್ಲಿ ಕ್ಯಾರೊಲಿನಾ ರೀಪರ್, 2023ರಲ್ಲಿ ಪೆಪ್ಪರ್ ಎಕ್ಸ್ ಎಂಬ ಮೆಣಸಿನ ತಳಿಗಳು ಆ ಪಟ್ಟ ಹಿಡಿದವು. ರೀಪರ್ ಹಾಕಿ ಎನ್ನುವವರಿದ್ದಾರೆ. ಇಲ್ಲಿನ ಮಳೆಗೆ, ತೇವಕ್ಕೆ ಒಗ್ಗುವ ಅಸ್ಸಾಂ ಮೆಣಸೇ ನನಗೆ ಸಾಕು. ಮಂಗನ ಕಾಟವೂ ಇಲ್ಲ. ಒಮ್ಮೆ ಒಂದು ಮಂಗ ಕಚ್ಚಿ ಎಸೆದು ಹೋಗಿದ್ದು, ಮತ್ತೆ ಆ ಮಡಿಗೆ ಬಂದಿಲ್ಲ.

ಲೆಕ್ಕ ಬಾಯಲ್ಲೇ ಹೇಳುವುದಾದರೆ: ಸುಮಾರು 60 ಗಿಡ, ಗಿಡಕ್ಕೆ ಅರ್ಧ ಕೆಜಿ ಹಸಿ ಕಾಯಿ. 12 ಕೆಜಿಯಷ್ಟು ಹಸಿಯಾಗಿಯೇ 300ರ ಲೆಕ್ಕದಲ್ಲಿ ಹೋಯಿತು. ಉಳಿದದ್ದು ಒಣಗಿ 2 ಕೆಜಿ ಆಸುಪಾಸು, ಕೆಜಿಗೆ 2,500. ಸಸಿ ಮಾರಿದ್ದು ಮೂರು ಸಾವಿರ. ಒಟ್ಟು 11–12 ಸಾವಿರ ಬಂತು, ಖರ್ಚು ನಾಲ್ಕು ಸಾವಿರ ದಾಟಿಲ್ಲ. ಅದರಲ್ಲಿ ದೊಡ್ಡ ಪಾಲು ರಸ ಹೀರುವ ಥ್ರಿಪ್ಸ್ ಹುಳಕ್ಕೆ ಹೊಡೆದ ಬೇವಿನ ಎಣ್ಣೆ ಮತ್ತು ನೀಲಿ ಅಂಟು ಹಾಳೆಯದು. ಅಡಿಕೆ ತೋಟದ ಅಂಚಿನ ಖಾಲಿ ಜಾಗಕ್ಕೆ ಇಷ್ಟು ಬಂದರೆ ಕಡಿಮೆಯೇನಲ್ಲ.

ಬಿತ್ತುವುದು ಆಗಸ್ಟ್ ಕೊನೆಗೆ. ಸಸಿ ಬೇಕಾದವರು ಅದಕ್ಕೆ ಮುಂಚೆ ಹೇಳಿ. ಬೀಜ ಮಾರುವುದಿಲ್ಲ. ಯಾರ ಹತ್ತಿರವಾದರೂ ಬಿಳಿ ಜೀರಿಗೆ ಮೆಣಸಿನ ಬೀಜ ಇದ್ದರೆ ಬದಲಿಗೆ ಇದನ್ನು ಕೊಡುತ್ತೇನೆ. ಆದರೆ ಎರಡನ್ನೂ ಅಕ್ಕಪಕ್ಕ ಹಾಕಬೇಡಿ.