ಇಂಗ್ಲಿಷ್ ಅಂಕಿ: ಎಣಿಸುವುದಕ್ಕಿಂತ ಕೇಳಿ ಬರೆಯುವುದೇ ಕಷ್ಟ

ಬೆಂಗಳೂರಿನಲ್ಲಿ ಕೆಲಸ ಮಾಡುವ ದೊಡ್ಡವರಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿಯವರು, ಅಂಗಡಿಯಲ್ಲಿ ಬಿಲ್ ಹಾಕುವವರು, ಗಾರ್ಮೆಂಟ್ಸ್‌ನಲ್ಲಿ ಪೀಸ್ ಲೆಕ್ಕ ಬರೆಯುವವರು ಬರುತ್ತಾರೆ. ಇವರಲ್ಲಿ ಒನ್‌ನಿಂದ ಹಂಡ್ರೆಡ್‌ವರೆಗೆ ಗಡಗಡ ಒಪ್ಪಿಸುವವರು ಬೇಕಾದಷ್ಟು ಜನ. ಅವರೇ ‘ಫೋರ್ಟೀನ್’ ಅಂದರೆ 40 ಬರೆಯುತ್ತಾರೆ. ವರಸೆಯಾಗಿ ಹೇಳುವಾಗ ಒಂದರ ಹಿಂದೆ ಇನ್ನೊಂದು ತಾನಾಗಿ ಬರುತ್ತದೆ. ಒಂಟಿಯಾಗಿ ಕಿವಿಗೆ ಬಿದ್ದ ಸಂಖ್ಯೆಯನ್ನು ಹಿಡಿಯುವುದು ಬೇರೆಯೇ ಕೆಲಸ. ಹಾಗಾಗಿ ಬಾಯಿಪಾಠ ಬಿಟ್ಟು ಮೊದಲ ದಿನದಿಂದಲೇ ಉಕ್ತಲೇಖನ ಹಿಡಿಸುತ್ತೇನೆ.

ಶುರು ಮಾಡುವುದು 13ರಿಂದ 19. ಇಲ್ಲಿ ಎರಡು ತೊಡಕು ಒಟ್ಟಿಗೇ ಇವೆ. ಹದಿಮೂರು ಅನ್ನುವಾಗ ಹತ್ತು ಮೊದಲು ಕೇಳಿಸುತ್ತದೆ, ಮೂರು ಆಮೇಲೆ. ಬರೆಯುವುದೂ ಹಾಗೆಯೇ, 1 ಹಾಕಿ 3. ಥರ್ಟೀನ್ ಅನ್ನುವಾಗ ಮೂರು ಮೊದಲು ಕೇಳಿಸುತ್ತದೆ. ಪದ ಮುಗಿಯುವಷ್ಟರಲ್ಲಿ ಕೈ 3 ಬರೆದಾಗಿರುತ್ತದೆ, ಕೊನೆಗೆ 31 ಆಗುತ್ತದೆ. 20 ದಾಟಿದ ಮೇಲೆ ಈ ತಪ್ಪು ಹೆಚ್ಚಾಗಿ ಕಾಣುವುದಿಲ್ಲ, ಏಕೆಂದರೆ ಇಪ್ಪತ್ಮೂರಕ್ಕೂ ಟ್ವೆಂಟಿ ಥ್ರೀಗೂ ಕ್ರಮ ಒಂದೇ. ಪದ ಪೂರ್ತಿ ಮುಗಿಯುವವರೆಗೆ ಪೆನ್ನು ಕಾಗದ ಮುಟ್ಟಬಾರದು ಅನ್ನುವ ಒಂದು ನಿಯಮ ಸಾಕು. ಕೊನೆಯಲ್ಲಿ ‘ಟೀನ್’ ಕೇಳಿದರೆ ಮೊದಲು 1 ಬೀಳಬೇಕು.

ಇನ್ನೊಂದು ತೊಡಕು ಟೀನ್–ಟಿ ಜಗಳ: 13–30, 14–40, 15–50. ಟೀನ್‌ನಲ್ಲಿ ಒತ್ತು ಕೊನೆಗೆ, ಟಿಯಲ್ಲಿ ಒತ್ತು ಮೊದಲಿಗೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಅದು ಒಂಟಿ ಸಂಖ್ಯೆಗೆ ಸರಿ. ಮುಂದೆ ಇನ್ನೊಂದು ಪದ ಬಂದರೆ, ಉದಾಹರಣೆಗೆ ‘ಫಿಫ್ಟೀನ್ ಮಿನಿಟ್ಸ್’, ಒತ್ತು ಮೊದಲ ಭಾಗಕ್ಕೆ ಜಾರುತ್ತದೆ. ಗುರುತಿಗೆ ಉಳಿಯುವುದು ದೀರ್ಘ ‘ಟೀ’ ಮತ್ತು ಕೊನೆಯ ‘ನ್’ ಮಾತ್ರ. ಫೋನಿನಲ್ಲಿ ಆ ‘ನ್’ ನುಂಗಿ ಹೋಗುವುದು ಸಾಮಾನ್ಯ. ಅನುಮಾನ ಬಂದರೆ ಬಿಡಿಸಿ ಕೇಳಬೇಕು: ‘ಒನ್ ಫೈವಾ ಸಾರ್, ಫೈವ್ ಜೀರೋನಾ?’ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಹೀಗೇ ಕೇಳುತ್ತಾರೆ, ಇದರಲ್ಲಿ ನಾಚಿಕೆಯೇನಿಲ್ಲ. ಗೇಟಿನಲ್ಲಿ ಕೂತವರಿಗಂತೂ ಇದು ಬಂದರೆ ಅರ್ಧ ಕೆಲಸ ಆದ ಹಾಗೆ, ಇಲ್ಲದಿದ್ದರೆ ಪಾರ್ಸೆಲ್ 1013ರ ಬದಲು 1030ಕ್ಕೆ ಹೋಗುತ್ತದೆ.

ಉಚ್ಚಾರದಲ್ಲಿ ನಾನು ಹಟ ಹಿಡಿಯುವುದು ಒಂದಕ್ಕೇ. ಪದದ ಕೊನೆಗೆ ‘ಉ’ ಸೇರಿಸಿ ಸಿಕ್ಸು, ನೈನು ಅಂದರೆ ಕೆಡುಕಿಲ್ಲ. ‘ಎಯ್ಟು’ ಅಂದರೆ ಮಾತ್ರ ಕೇಳುವವರು 80 ಎಂದು ತಿಳಿಯುವ ಅಪಾಯವಿದೆ. ಅಲ್ಲಿ ‘ಟ್’ಗೆ ನಿಲ್ಲಿಸಬೇಕು. ಫೈವ್, ನೈನ್ ಎರಡರಲ್ಲೂ ನಡುವಿನ ಸ್ವರ ಒಂದೇ ಆದ್ದರಿಂದ ಗದ್ದಲದಲ್ಲಿ ಕಲಸಿಹೋಗುತ್ತವೆ. ವಿಮಾನದ ರೇಡಿಯೊದಲ್ಲಿ 9ಕ್ಕೆ ‘ನೈನರ್’ ಅನ್ನುವುದು ಇಂಥ ಗೊಂದಲ ತಪ್ಪಿಸಲೆಂದೇ.

ಬಿಡಿ ಅಂಕಿ ಓದಲು ಪಿನ್ ಕೋಡು ಒಳ್ಳೆಯ ಪಾಠ. ಮಲ್ಲೇಶ್ವರ 560003. ಇದನ್ನು ‘ಫೈವ್ ಸಿಕ್ಸ್ ಡಬಲ್ ಜೀರೋ ತ್ರೀ’ ಎಂದು ಸರಾಗವಾಗಿ ಹೇಳಿಬಿಡುತ್ತಾರೆ. ಎಣಿಸಿದರೆ ಐದೇ ಅಂಕಿ. ಅಲ್ಲಿರುವುದು ಮೂರು ಸೊನ್ನೆ, ಟ್ರಿಪಲ್ ಜೀರೋ. ರಾಜಾಜಿನಗರದ 560010ಕ್ಕೆ ಡಬಲ್ ಸರಿ: ಫೈವ್ ಸಿಕ್ಸ್ ಡಬಲ್ ಜೀರೋ ಒನ್ ಜೀರೋ. ಕೇಳಿ ಬರೆಯುವಾಗ ‘ಡಬಲ್’ ಬಂದ ಕೂಡಲೇ 2 ಬರೆಯುವವರಿದ್ದಾರೆ. ಅಲ್ಲಿಯೂ ಪೆನ್ನು ಎತ್ತಿ ಹಿಡಿಯುವ ನಿಯಮವೇ. ‘ಟೂ ಜೀರೋಸ್’ ಎಂದು ಯಾರಾದರೂ ಹೇಳಿದರೆ ಅದು 00, 20 ಅಲ್ಲ. ಮೊಬೈಲ್ ನಂಬರನ್ನು ಐದೈದು ಅಂಕಿಯಾಗಿ ಒಡೆದು ಬರೆಸಿ, ಬರೆದವರೇ ವಾಪಸ್ ಓದಿ ಹೇಳುವವರೆಗೆ ಬಿಡುವುದಿಲ್ಲ.

ಮೇನು, ಕ್ರಾಸುಗಳ ಊರಿನಲ್ಲಿ ಫಸ್ಟ್, ಸೆಕೆಂಡ್, ಥರ್ಡ್ ಕಲಿಸುವುದು ಸುಲಭ, ಬೀದಿಯ ಬೋರ್ಡುಗಳೇ ಪುಸ್ತಕ. 21ನೇ ಕ್ರಾಸು ಟ್ವೆಂಟಿ ಫಸ್ಟ್. ಆದರೆ 11, 12, 13ಕ್ಕೆ ಆ ನಿಯಮವಿಲ್ಲ. ಅವು ಇಲೆವೆಂತ್, ಟ್ವೆಲ್ಫ್ತ್, ಥರ್ಟೀಂತ್.

ಕಾಲು, ಅರೆ, ಮುಕ್ಕಾಲು ಬಂದಾಗ ಕನ್ನಡದ ಲೆಕ್ಕ ಕಾಲಿಗೆ ತೊಡರುತ್ತದೆ. ಒಂಬತ್ತೂ ಮುಕ್ಕಾಲನ್ನು ‘ಕ್ವಾರ್ಟರ್ ಟು ನೈನ್’ ಅಂದರೆ ಒಂದು ಗಂಟೆ ಹಿಂದೆ ಹೋಯಿತು, ಅದು ಎಂಟೂ ಮುಕ್ಕಾಲು. ಇಂಗ್ಲಿಷಿನಲ್ಲಿ ಮುಂದಿನ ಗಂಟೆಯ ಹೆಸರು ಹೇಳಬೇಕು, ಕ್ವಾರ್ಟರ್ ಟು ಟೆನ್. ಆ ತಲೆನೋವೇ ಬೇಡ, ‘ನೈನ್ ಫಾರ್ಟಿ ಫೈವ್’ ಅನ್ನಿ ಎನ್ನುತ್ತೇನೆ. ದುಡ್ಡಿಗೂ ಅಷ್ಟೇ: ಒಂದೂಕಾಲು ಲಕ್ಷವನ್ನು ಮೊದಲು 1,25,000 ಎಂದು ಬರೆದುಕೊಂಡು ಆಮೇಲೆ ಓದಿದರೆ ತಪ್ಪುವುದಿಲ್ಲ.

ದೊಡ್ಡ ಮೊತ್ತಕ್ಕೆ ಮನೆ ಹಾಕಿ ಕೊಡುತ್ತೇನೆ: ಕೋಟಿಗೆ ಎರಡು, ಲಕ್ಷಕ್ಕೆ ಎರಡು, ಸಾವಿರಕ್ಕೆ ಎರಡು, ಕೊನೆಗೆ ಮೂರು. ‘ಒನ್ ಲ್ಯಾಕ್ ಫೈವ್ ಥೌಸಂಡ್ ಫಾರ್ಟಿ’ ಅಂದರೆ ಹಲವರು 1,5,40 ಎಂದು ಕೇಳಿದಷ್ಟನ್ನೇ ಬರೆಯುತ್ತಾರೆ. ಎಡತುದಿಯ ಮನೆಯನ್ನು ಬಿಟ್ಟು ಉಳಿದವು ಖಾಲಿ ಇರಬಾರದು, ಖಾಲಿ ಕಂಡಲ್ಲಿ ಸೊನ್ನೆ ತುಂಬಬೇಕು: 1,05,040. ವಿದೇಶದ ಲೆಕ್ಕ ಬಂದರೆ ಮನೆಗಳೇ ಬೇರೆ, ಎಲ್ಲವೂ ಮೂರು ಮೂರು. 12,34,567 ಅಲ್ಲಿ 1,234,567 ಆಗುತ್ತದೆ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್.

ಕಾಗುಣಿತವನ್ನು ಕೊನೆಗೆ, ಚೆಕ್ಕಿನ ಜೊತೆ ಕಲಿಸುತ್ತೇನೆ. ಅಭ್ಯಾಸಕ್ಕೆ 40,414 ಒಂದೇ ಸಾಕು: ಫಾರ್ಟಿ ಥೌಸಂಡ್ ಫೋರ್ ಹಂಡ್ರೆಡ್ ಫೋರ್ಟೀನ್ ಓನ್ಲಿ. ಫೋರ್‌ನಲ್ಲೂ ಫೋರ್ಟೀನ್‌ನಲ್ಲೂ ‘ಯು’ ಇದೆ, ಫಾರ್ಟಿಯಲ್ಲಿ ಇಲ್ಲ. ನೈಂಟಿಯಲ್ಲಿ ‘ಎನ್’ ಆದಮೇಲೆ ‘ಇ’ ಉಳಿಯುತ್ತದೆ, ನೈಂತ್‌ನಲ್ಲಿ ಹೋಗುತ್ತದೆ. ಎಯ್ಟೀನ್, ಎಯ್ಟಿ ಎರಡರಲ್ಲೂ ಒಂದೇ ‘ಟಿ’. ಹಂಡ್ರೆಡ್‌ಗೆ ಹಿಂದೆ ಸಂಖ್ಯೆ ಇದ್ದರೆ ‘ಎಸ್’ ಸೇರುವುದಿಲ್ಲ.

ಚೆಕ್ಕಿನಲ್ಲಿ ಅಕ್ಷರದ ಸಾಲನ್ನು ಎಡ ಅಂಚಿನಿಂದಲೇ ಶುರು ಮಾಡಿ, ‘ಓನ್ಲಿ’ ಆದಮೇಲೆ ಉಳಿದ ಜಾಗಕ್ಕೆ ಗೆರೆ ಎಳೆಯಬೇಕು. 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಕಾಯ್ದೆ ಹೀಗಿದ್ದರೂ ಇಂಥ ಚೆಕ್ಕು ವಾಪಸ್ ಬರುವುದೇ ಹೆಚ್ಚು. ಮೊತ್ತವನ್ನು ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೆಯ ರೂಢಿ, ಚೆಕ್ಕಿನ ಬದಲು ಅದರ ಚಿತ್ರವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ಸಿಟಿಎಸ್ ಕ್ಲಿಯರಿಂಗ್‌ನಲ್ಲಿ ನಡೆಯುವುದಿಲ್ಲ. ಹೊಸ ಹಾಳೆ ಬರೆಯಬೇಕು. ಹಣ ಆನ್‌ಲೈನ್ ಕಳಿಸುವವರು ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡಿನ ಐದನೆಯ ಜಾಗ ನೋಡಿಕೊಳ್ಳಲಿ. ಬ್ಯಾಂಕಿನವರು ಬಾಯಲ್ಲಿ ‘ಓ’ ಅಂದರೂ ಅಲ್ಲಿರುವುದು ಯಾವಾಗಲೂ ಸೊನ್ನೆ, ಅಕ್ಷರವಲ್ಲ.